ಸುಣ್ಣದ ಗೋಡೆ ಅಂದಿದ್ದಕ್ಕೆ

ಹರಿಹರದ ಬಸ್ ನಿಲ್ದಾಣದಲ್ಲಿ ಆ ಸಂಜೆ ನಾನು ಕೇಳಿದ ಅತ್ಯಂತ ಸಭ್ಯ ಮಾತುಗಳು, ವಯಸ್ಸಾದ ಒಬ್ಬ ಮನುಷ್ಯನ ಕೊರಳಪಟ್ಟಿ ಹಿಡಿದಿದ್ದವರ ಬಾಯಿಂದ ಬಂದವು. ಅದಾಗಿ ತಿಂಗಳುಗಳೇ ಕಳೆದಿವೆ. ಈಗಲೂ ಹಿಂದಿನಿಂದ ಯಾರಾದರೂ "ಬರ್ರಿ, ಸ್ವಲ್ಪ ಮಾತಾಡೋದೈತೆ" ಎಂದರೆ ನಾನು ಮೊದಲು ಅವರ ಕೈ ನೋಡುತ್ತೇನೆ.

ನನ್ನ ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯ ಒಂದು ಕಚೇರಿಯಲ್ಲಿ. ದಿನಾ ಸಂಜೆ ಒಂದೇ ಖಾಸಗಿ ಬಸ್ಸಿನಲ್ಲಿ ಊರಿಗೆ ಮರಳುವ ನಮ್ಮದೊಂದು ಗುಂಪಿತ್ತು. ಆ ಗುಂಪಿನಲ್ಲಿ ಇಬ್ಬರು ಗೆಳೆಯರು. ಒಬ್ಬರು ಬಟ್ಟೆ ಅಂಗಡಿಯ ಸಾಹುಕಾರರು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲು, ಮುಂದೆ ಭಾರಿ ಹೊಟ್ಟೆ. ಇನ್ನೊಬ್ಬರು ದಾವಣಗೆರೆಯ ಆನೆಕೊಂಡದಲ್ಲಿ ಗಾದಿ, ದಿಂಬು ಹೊಲಿದು ಕೊಡುವ ಸಾಹೇಬರು. ಗಡ್ಡದಲ್ಲಿ ಯಾವಾಗಲೂ ಒಂದಿಷ್ಟು ಹತ್ತಿಯ ಎಳೆ, ಕೈಯಲ್ಲೊಂದು ಬಟ್ಟೆಚೀಲ. ಇಬ್ಬರೂ ಹರಿಹರದ ಒಂದೇ ಸರ್ಕಾರಿ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಫೇಲಾದವರು. ಸಾಹುಕಾರರು ಮೊದಲು ಬಂದು ಪಕ್ಕದ ಸೀಟಿಗೆ ಟವೆಲು ಹಾಕುತ್ತಿದ್ದರು. ಸಾಹೇಬರು ಬಸ್ಸು ಹೊರಡುವ ಹೊತ್ತಿಗೆ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಅಲ್ಲಿಂದ ಶುರು.

"ಬಂದೇನಲೇ ಹಳೇ ಹತ್ತಿ. ಜನ್ಮದಾಗ ಒಂದಿನನಾ ಟೈಮಿಗೆ ಬರಬ್ಯಾಡ ನೀನು."

"ಸರಕೊಳಲೇ ಈಬತ್ತಿ ಗಟ್ಟಿ. ನಿನ್ನ ಹೊಟ್ಟೆಗೇ ಒಂದು ಬ್ಯಾರೆ ಟಿಕೆಟ್ ತಗೋಬೇಕು."

"ಇನ್ನೂ ಸತ್ತಿಲ್ಲೇನಲೇ ನೀನು?"

"ನಿನ್ನ ಹೆಣಕ್ಕೆ ದಿಂಬು ಹೊಲಿಯೋರು ಯಾರಲೇ, ಅದಕ್ಕೇ ಉಳದೀನಿ."

ಇವು ನಾನು ಬರೆಯಬಹುದಾದ ಮಾತುಗಳು. ಉಳಿದವನ್ನು ಬರೆದರೆ ಅಚ್ಚು ಹಾಕುವವರು ತೆಗೆದುಬಿಡುತ್ತಾರೆ. ಮೊದಮೊದಲು ನನಗೆ ಇದು ಸಹ್ಯವಾಗಿರಲಿಲ್ಲ. ಪದವಿ ಓದಿದವಳು, ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತ, ಇಂಥವರಿಂದಲೇ ಸಮಾಜ ಕೆಡುವುದು ಅಂದುಕೊಳ್ಳುತ್ತಿದ್ದೆ. ಆಮೇಲೆ ಅವರಲ್ಲಿ ಒಬ್ಬರು ಬಾರದ ದಿನ ಬಸ್ಸು ಸಪ್ಪೆ ಎನ್ನಿಸತೊಡಗಿತು.

ಆ ದಿನ ನಮ್ಮ ಕಚೇರಿಯಲ್ಲಿ ಸಭ್ಯ ಭಾಷೆಯ ತರಬೇತಿ ಇತ್ತು. ಯಾರನ್ನು ಏನೆಂದು ಕರೆಯಬಾರದು, ಅದರ ಬದಲು ಏನೆನ್ನಬೇಕು ಎಂದು ಹೊರಗಿನಿಂದ ಬಂದ ಒಬ್ಬರು ಪರದೆಯ ಮೇಲೆ ತೋರಿಸಿದರು. ಮುಗಿದ ಮೇಲೆ ಮೇಜಿನ ತುಂಬ ಚಹಾದ ಲೋಟಗಳು ಉಳಿದಿದ್ದವು. ಕಸ ಗುಡಿಸುವ ಹೆಂಗಸನ್ನು ದಿನಾ "ಏ ಇವಳೇ" ಎಂದು ಕೂಗುತ್ತಿದ್ದ ನಮ್ಮ ಮೇಲಧಿಕಾರಿ ಕಲಿತದ್ದನ್ನು ಕೂಡಲೇ ಜಾರಿಗೆ ತಂದರು: "ಏ ಸ್ವಚ್ಛತಾ ಸಿಬ್ಬಂದಿ, ಬಾರೇ ಇಲ್ಲಿ, ಇವನ್ನೆಲ್ಲ ಎತ್ತು." ಯಾರೂ ನಗಲಿಲ್ಲ. ಪದ ಸರಿಯಾಗಿಯೇ ಇತ್ತು.

ಸಂಜೆ ಬಸ್ಸಿನಲ್ಲಿ ಸಾಹುಕಾರರು ಯಾವುದೋ ಪೂಜೆ ಮುಗಿಸಿ ಬಂದಿದ್ದರು. ಹಣೆ, ತೋಳು, ಕುತ್ತಿಗೆ ಎಲ್ಲ ಕಡೆ ವಿಭೂತಿಯ ಪಟ್ಟೆ. ಸಾಹೇಬರು ಹತ್ತಿದವರೇ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಏನಲೇ ಇದು? ಎಷ್ಟು ಬಳ್ಕಂಡ್ರೂ ನೀನು ಮಾಡಿದ ಪಾಪ ಮುಚ್ಚಲ್ಲ ಬಿಡಲೇ, ಸುಣ್ಣದ ಗೋಡೆ."

"ನಿನ್ನ ಗಡ್ಡ ನೋಡಿ ಸ್ವರ್ಗದ ಬಾಗಿಲು ತೆಗೆದಿಟ್ಟಾರೇನು? ಕುಂದರಲೇ ಸುಮ್ನೆ."

ಗುಂಪಿನವರೆಲ್ಲ ನಕ್ಕೆವು. ಅವರ ಸೀಟಿನ ಹಿಂದೆ ನಿಂತಿದ್ದ ಒಬ್ಬ ನಗಲಿಲ್ಲ. ಮೂವತ್ತರ ಆಸುಪಾಸಿನ ಗಂಡಸು, ನಮ್ಮ ಬಸ್ಸಿಗೆ ಹೊಸಬ. ಬಗ್ಗಿ ಸಾಹುಕಾರರನ್ನು ಕೇಳಿದ: "ಅಣ್ಣಾರೆ, ಅವರು ನಿಮ್ಮ ಈಬತ್ತಿಗೆ ಹಂಗಂದ್ರು. ನೀವು ನಕ್ಕಂತ ಕುಂತೀರಲ್ಲ?"

"ಇವನ ಬಾಯಿ ಹಂಗೇ ಬಿಡಪ್ಪ," ಎಂದರು ಸಾಹುಕಾರರು. ವಿವರಿಸಬೇಕಾದ ಸಂಗತಿ ಅದರಲ್ಲಿ ಇದೆಯೆಂದೇ ಅವರಿಗೆ ತೋಚಲಿಲ್ಲ. ಆತ ಫೋನು ಕಿವಿಗಿಟ್ಟುಕೊಂಡು ಬಾಗಿಲ ಕಡೆ ಹೋದ.

ಹರಿಹರದಲ್ಲಿ ಬಸ್ಸು ನಿಂತಾಗ ಏಳೆಂಟು ಜನ ಕಾಯುತ್ತಿದ್ದರು. ಸಾಹೇಬರು ಮೆಟ್ಟಿಲಿಳಿಯುತ್ತಿದ್ದಂತೆ ಅವರಲ್ಲೊಬ್ಬ ಕೈ ಹಿಡಿದು ಇಳಿಸಿಕೊಂಡ, ನೆಂಟರನ್ನು ಇಳಿಸಿಕೊಂಡ ಹಾಗೆ. "ಬರ್ರಿ ಸಾಹೇಬ್ರೆ, ಸ್ವಲ್ಪ ಮಾತಾಡೋದೈತೆ." ಇನ್ನೊಬ್ಬ ಕೊರಳಪಟ್ಟಿ ಹಿಡಿದು "ಇಲ್ಲಿ ನಿಂದರ್ರಿ, ಹಿಂಗ ಬರ್ರಿ" ಎಂದು ಗೋಡೆಗೆ ಒತ್ತಿದ. ಅಷ್ಟು ಜನರಲ್ಲಿ ಒಬ್ಬನ ಬಾಯಲ್ಲೂ ಏಕವಚನ ಬರಲಿಲ್ಲ. ನಮ್ಮ ಕಚೇರಿಯಲ್ಲಿ ಬೆಳಗ್ಗೆ ಪಾಠ ಹೇಳಿದವರು ಅಲ್ಲಿದ್ದಿದ್ದರೆ ಭಾಷೆಯಲ್ಲಿ ತಿದ್ದುವುದಕ್ಕೆ ಏನೂ ಸಿಗುತ್ತಿರಲಿಲ್ಲ.

ಸಾಹುಕಾರರು ಜನರ ನಡುವೆ ನುಗ್ಗಿ ಬಂದರು. ಗಾಬರಿಯಲ್ಲಿ ಅವರೂ ಸಭ್ಯರಾಗಿಬಿಟ್ಟರು. ಹುಟ್ಟಿದಾಗಿನಿಂದ ಗೆಳೆಯನಿಗೆ ಬಹುವಚನ ಕೊಡದವರು ಕೈಜೋಡಿಸಿ, "ಅವರನ್ನ ಬಿಡ್ರಪ್ಪ, ಅವರು ದೊಡ್ಡೋರು, ಭಾಳ ಒಳ್ಳೇ ಮನುಷ್ಯರು" ಎಂದರು.

"ನೋಡ್ರಿ," ಎಂದ ಬಸ್ಸಿನ ಹೊಸಬ, ಉಳಿದವರ ಕಡೆ ತಿರುಗಿ, "ಎಷ್ಟು ಹೆದರಿಸಿಟ್ಟಾರೆ ಇವರನ್ನ."

ಆಮೇಲೆ ಸಾಕ್ಷಿಗಳಿಗಾಗಿ ಹುಡುಕಾಟ ಆಯಿತು. ನಮ್ಮ ಗುಂಪಿನಲ್ಲೇ ಇದ್ದ ನಿವೃತ್ತ ಮೇಷ್ಟ್ರೊಬ್ಬರನ್ನು ಕೇಳಿದರು: "ಸಾರ್, ನೀವು ಹೇಳ್ರಿ. ಏನಂದ್ರು ಇವರು?" ಮೇಷ್ಟ್ರು ಸಾಹೇಬರ ಮೇಲೆ ಪ್ರೀತಿ ಇದ್ದವರೇ. ಆದರೆ ಜೀವಮಾನವಿಡೀ ಮಕ್ಕಳ ಮಾತಿನ ಹೊಲಸು ತೊಳೆದ ಅಭ್ಯಾಸ. ಒಮ್ಮೆ ನನ್ನ ಕಡೆ ನೋಡಿ, ದನಿ ತಗ್ಗಿಸಿ, "ಹೆಣ್ಮಕ್ಕಳು ಅದಾರೆ. ಏನೋ ಅವಾಚ್ಯ ಶಬ್ದ ಬಳಸಿದ್ರು, ಬಿಟ್ಟುಬಿಡ್ರಪ್ಪ" ಎಂದರು.

ಅವಾಚ್ಯ ಶಬ್ದ ಎಂದರೆ ಪತ್ರಿಕೆಯಲ್ಲಿ ಹಲ್ಲೆ, ಕೊಲೆ, ದೂರು, ಬಂಧನ ಇವುಗಳ ಹಿಂದಿನ ಸಾಲಿನಲ್ಲಿ ಬರುವ ಮಾತು. ಸುಣ್ಣದ ಗೋಡೆ ಎಂಬ ಮಾತು ಆ ಮುಖಗಳ ಒಳಗೆ ಏನೇನಾಗಿ ಬೆಳೆಯುತ್ತಿದೆ ಎಂಬುದು ನನಗೆ ಕಂಡಿತು. ಪ್ರತಿಯೊಬ್ಬನೂ ತನಗೆ ಗೊತ್ತಿದ್ದ ಅತ್ಯಂತ ಹೊಲಸು ಮಾತನ್ನು ಆ ಖಾಲಿ ಜಾಗದಲ್ಲಿಟ್ಟು ನೋಡುತ್ತಿದ್ದ. ಕೊರಳಪಟ್ಟಿ ಹಿಡಿದ ಕೈ ಬಿಗಿಯಾಯಿತು.

"ಚೀಲದಾಗ ಏನೈತ್ರಿ? ತೋರಸ್ರಿ."

ಚೀಲದಲ್ಲಿ ಏನಿತ್ತೆಂದು ಬಸ್ಸಿನವರಿಗೆಲ್ಲ ಗೊತ್ತಿತ್ತು. ಊಟದ ಡಬ್ಬಿ, ನೂಲಿನ ಉಂಡೆ, ಗಾದಿ ಹೊಲಿಯುವ ದಬ್ಬಣ. ಗೇಣುದ್ದದ ಕಬ್ಬಿಣದ ಸೂಜಿ. ಒಂದು ದಿನ ಅದರಿಂದಲೇ ಅವರು ನನ್ನ ಕಿತ್ತುಹೋದ ಚಪ್ಪಲಿಯ ಬಾರು ಹೊಲಿದುಕೊಟ್ಟಿದ್ದರು. ಆ ಸಂಜೆ, ಆ ಗೋಡೆಯ ಹತ್ತಿರ, ಆ ಜನರ ಕೈಗೆ ಸಿಕ್ಕಿದ್ದರೆ ಅದನ್ನು ಯಾರೂ ಸೂಜಿ ಎನ್ನುತ್ತಿರಲಿಲ್ಲ.

ಸಾಹೇಬರಿಗೂ ಅದು ಹೊಳೆದಿರಬೇಕು. ಅವರು ಚೀಲವನ್ನು ಎದೆಗೆ ಅವಚಿಕೊಂಡರು. ಅವಚಿಕೊಂಡದ್ದರಿಂದ ಇನ್ನಷ್ಟು ಕೈಗಳು ಅದರತ್ತ ಬಂದವು.

ನನ್ನ ಬಾಯಿಂದ ಮಾತು ಹೊರಟಿತು. "ಸುಣ್ಣದ ಗೋಡೆ ಅಂದ್ರು," ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ: "ಸುಣ್ಣದ ಗೋಡೆ. ಅಷ್ಟೇ ಅಂದಿದ್ದು."

ಎಲ್ಲರೂ ಸಾಹುಕಾರರನ್ನು ನೋಡಿದರು. ಬೆವರಿಗೆ ವಿಭೂತಿ ಕರಗಿ, ಹಣೆಯಿಂದ ಗಲ್ಲದವರೆಗೆ ಹರಿದು, ಮಳೆಗೆ ಸಿಕ್ಕ ಗೋಡೆಯ ಹಾಗೇ ಇದ್ದರು. ಹಿಂದೆ ಯಾರೋ ಒಬ್ಬ ಕಿಸಕ್ಕನೆ ನಕ್ಕ.

"ನಗೋದೇನೈತೆ ಇದರಾಗ?" ಎಂದ ಹೊಸಬ. "ಚೀಲ ತೆಗೀರಿ ಮೊದ್ಲು."

ಇಲ್ಲಿಗೆ ನಾನು ಧೈರ್ಯದಿಂದ ಜನರನ್ನು ಚದುರಿಸಿದೆ ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ನಮ್ಮ ಬಸ್ಸಿನ ಹಿಂದೆಯೇ ಮತ್ತೊಂದು ಖಾಸಗಿ ಬಸ್ಸು ಬಂದು ನಿಂತಿತ್ತು. ಈ ಮಾರ್ಗದಲ್ಲಿ ಖಾಸಗಿ ಬಸ್ಸಿನವರು ಒಂದೊಂದು ನಿಮಿಷಕ್ಕಾಗಿ ಜಗಳವಾಡುತ್ತಾರೆ. ತಡವಾದರೆ ಬೇರೆ ಬಸ್ಸಿನವನು ಪ್ರಯಾಣಿಕರನ್ನು ತುಂಬಿಕೊಂಡು ಹೋಗುತ್ತಾನೆ. ಅದರ ಚಾಲಕ ಹಾರ್ನ್ ಮೇಲೆ ಕೈಯಿಟ್ಟು, ಅರ್ಧ ದೇಹ ಕಿಟಕಿಯಿಂದ ಹೊರಹಾಕಿ, ಗೋಡೆಯ ಬದಿಯಿಂದ ದಾರಿಯವರೆಗೆ ಅಡ್ಡ ನಿಂತಿದ್ದವರ ತಾಯಿ, ಅಕ್ಕತಂಗಿ, ಸತ್ತುಹೋದ ಹಿರಿಯರು, ಇನ್ನೂ ಹುಟ್ಟದ ಮಕ್ಕಳು ಎಲ್ಲರನ್ನೂ ಸೇರಿಸಿ ಬೈದ. ಜಾತಿ ಮತ ನೋಡದೆ, ನನ್ನನ್ನೂ ಬಿಡದೆ, ಎಲ್ಲರಿಗೂ ಸಮನಾಗಿ ಬೈದ. ಅಷ್ಟು ಹೊಲಸು ಮಾತಿಗೆ ಒಬ್ಬರ ಭಾವನೆಗೂ ಧಕ್ಕೆಯಾಗಲಿಲ್ಲ. "ತಡಿಯೋ ಮಾರಾಯ," ಎನ್ನುತ್ತ ಎಲ್ಲರೂ ರೂಢಿಯಂತೆ ಪಕ್ಕಕ್ಕೆ ಸರಿದರು. ಕೊರಳಪಟ್ಟಿ ಹಿಡಿದವನೂ ಸರಿದ. ಆ ಸಂದಿನಲ್ಲಿ ಸಾಹುಕಾರರು ಗೆಳೆಯನ ರಟ್ಟೆ ಹಿಡಿದು ಎಳೆದು ಪಕ್ಕದಲ್ಲಿ ನಿಂತಿದ್ದ ಒಂದು ಆಟೋದೊಳಕ್ಕೆ ತಳ್ಳಿ, ತಾವೂ ಅವರ ಮೇಲೇ ಬಿದ್ದರು. ಆಟೋ ಹೋಯಿತು.

ಆ ಬಸ್ಸಿನ ಚಾಲಕ ಹಸಿದು ಎಲ್ಲಾದರೂ ಮಿರ್ಚಿ ಬಜ್ಜಿ ತಿನ್ನಲು ನಿಂತಿದ್ದರೆ? ದಬ್ಬಣದ ತುದಿ ಚೀಲದ ಬಟ್ಟೆ ತೂರಿ ಹೊರಗೆ ಕಂಡಿದ್ದರೆ? ನಾನು ಒಲೆಯ ಮುಂದೆ ನಿಂತಾಗ, ಕಡತ ತೆರೆದಾಗ, ಇದೇ ಎರಡು ಪ್ರಶ್ನೆಗಳು ಬರುತ್ತವೆ.

ಆಮೇಲೆ ನಮ್ಮ ಬಸ್ಸು ಮಾದರಿ ಬಸ್ಸಾಯಿತು. ಸಾಹುಕಾರರು ಆಗಲೂ ಟವೆಲು ಹಾಕುತ್ತಿದ್ದರು. ಸಾಹೇಬರು ಬಂದು, "ನಮಸ್ಕಾರ್ರಿ, ಆರಾಮದೀರಾ?" ಎನ್ನುತ್ತಿದ್ದರು. "ಆರಾಮ್ರಿ." ಅಷ್ಟೇ. ಒಂದು ಸಂಜೆ ತಡೆಯಲಾರದೆ ಸಾಹುಕಾರರು "ಯಾಕಲೇ ಹಳೇ ಹತ್ತಿ, ಲೇಟು?" ಎಂದುಬಿಟ್ಟರು. ಸಾಹೇಬರು ಮೊದಲು ಹಿಂದೆ ತಿರುಗಿ ಯಾರು ನಿಂತಿದ್ದಾರೆಂದು ನೋಡಿದರು. ಆಮೇಲೆ, "ಕೆಲಸ ಇತ್ರಿ," ಎಂದರು. ಕೆಲವು ದಿನಗಳಾದ ಮೇಲೆ ಅವರು ಆ ಬಸ್ಸಿಗೆ ಬರುವುದನ್ನೇ ಬಿಟ್ಟರು.

ಹೋದ ತಿಂಗಳು ದಿಂಬಿನ ನೆಪ ಮಾಡಿಕೊಂಡು ಆನೆಕೊಂಡಕ್ಕೆ ಹೋದೆ. ಸಾಹೇಬರು ಅಂಗಡಿಯಲ್ಲಿ ಹತ್ತಿಯ ರಾಶಿಯ ನಡುವೆ ಕೂತಿದ್ದರು.

"ಬರ್ರಿ ತಂಗಿ, ಕೂಡ್ರಿ."

ಬಸ್ಸಿಗೆ ಯಾಕೆ ಬರುತ್ತಿಲ್ಲ ಎಂದೆ. ಅವರು ಹತ್ತಿ ಬಿಡಿಸುತ್ತಲೇ ಹೇಳಿದರು: "ಅವನು ಬೈದ್ರೆ ಚಾಷ್ಟಿ ಅಂತ ನಗ್ತಾರೆ. ನಾನು ಬೈದ್ರೆ ಸುದ್ದಿ ಆಗ್ತೈತೆ. ಮನ್ಯಾಗ ಹೆಂಡ್ತಿ ಮಕ್ಕಳು ಅಳ್ತಾರೆ. ಸುಮ್ನೆ ಕುಂತ್ರೆ ಅವನ ಮಾರಿ ನೋಡಾಕಾಗಲ್ಲ."

ಅಷ್ಟರಲ್ಲಿ ಸಾಹುಕಾರರೇ ಬಂದರು. ನನ್ನನ್ನು ನೋಡಿ ಸ್ವಲ್ಪ ನಾಚಿಕೊಂಡರು. ಬೀದಿಯ ಆ ತುದಿ ಈ ತುದಿ ನೋಡಿ, ಕೊಕ್ಕೆ ಹಾಕಿ ಷಟರನ್ನು ಅರ್ಧ ಎಳೆದರು.

"ತಂಗಿ, ಏನೂ ತಿಳ್ಕಾಬ್ಯಾಡ್ರಿ," ಎಂದರು ಸಾಹೇಬರು. "ಸ್ವಲ್ಪ ಹೊರಗ ನಿಂದರ್ತೀರಾ? ವಾರಕ್ಕೊಂದಿನ ಬರ್ತಾನೆ. ಯಾರನಾ ಬಂದ್ರೆ ಕೆಮ್ರಿ."

ನಾನು ಹೊರಗೆ ಬಂದು ಷಟರಿಗೆ ಬೆನ್ನು ಕೊಟ್ಟು ನಿಂತೆ. ಮೊದಲು ಪಿಸುಮಾತು, ಆಮೇಲೆ ಕೊಂಚ ದನಿ ಏರಿತು. ಹೊಟ್ಟೆ, ಗಡ್ಡ, ಶಾಲೆಯ ಬೆಂಚು, ಹೆಣ, ದಿಂಬು. ಇಬ್ಬರಿಗೂ ಕೆಮ್ಮು ಬರುವಷ್ಟು ನಗು. ಬೀದಿಯ ತಿರುವಿನಲ್ಲಿ ಒಂದು ಬೈಕು ನಿಧಾನವಾಯಿತು. ಕೂತಿದ್ದವನಿಗೆ ಹೆಲ್ಮೆಟ್ಟಿತ್ತು, ಮುಖ ಕಾಣಲಿಲ್ಲ. ಅವನು ಗಾದಿಯ ಬೆಲೆ ಕೇಳಲು ಬಂದವನೇ ಇರಬಹುದು.

ನಾನು ಕೆಮ್ಮಿದೆ. ಒಳಗೆ ಮಾತು ನಿಂತುಹೋಯಿತು.