ಅವ್ವ ಬಾಯಿ ಹಚ್ಚಬೇಕಾದ ಬಟ್ಟಲು

ಚಳ್ಳಕೆರೆಯ ನಮ್ಮ ಸಭೆಗೆ ಹೊಸದಾಗಿ ಬಂದ ಪಾಸ್ಟರ್ ಅಮೆರಿಕದಲ್ಲಿ ಓದಿದವರು. ಅಲ್ಲಿನ ಒಂದು ಊರಿನಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಬೇರೆ ಬೇರೆ ಚರ್ಚು ಇದ್ದದ್ದನ್ನು, ಬಿಳಿಯರು ಕ್ಷಮೆ ಕೇಳಿ ಎರಡೂ ಸಭೆ ಒಟ್ಟಿಗೆ ಕೂತದ್ದನ್ನು ಅವರು ಹೇಳಿದಾಗ ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ನಮ್ಮ ಜನ ದೂರದವರ ನೋವಿಗೆ ಬೇಗ ಕರಗುತ್ತಾರೆ, ಅದಕ್ಕೆ ಖರ್ಚಿಲ್ಲವಲ್ಲ. ಆಮೇಲೆ ಪಾಸ್ಟರ್, "ಮುಂದಿನ ಭಾನುವಾರ ಕರ್ತನ ಭೋಜನಕ್ಕೆ ಹಿಂದೆ ಕೂತವರು ಮೊದಲು ಬರಲಿ" ಎಂದರು. ಕಣ್ಣೊರೆಸಿಕೊಂಡವರು ಕರವಸ್ತ್ರ ಮಡಚಿ ಒಳಗಿಟ್ಟರು.

ನಮ್ಮಲ್ಲಿ ಭೋಜನದ ದ್ರಾಕ್ಷಾರಸಕ್ಕೆ ಒಂದೇ ಬಟ್ಟಲು, ಎಲ್ಲರೂ ಅದಕ್ಕೇ ಬಾಯಿ ಹಚ್ಚಬೇಕು. ಹೊಲ, ಎಣ್ಣೆ ಮಿಲ್ಲು ಇದ್ದವರು ಮೊದಲು ಕುಡಿಯುತ್ತಿದ್ದರು, ಹಿಂದೆ ಕೂರುವ ಕೇರಿಯವರು ಕೊನೆಗೆ. ಹಾಗಂತ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಮಿಲ್ಲಿನ ಮನೆಗೆ ಸೊಸೆಯಾಗಿ ಬಂದ ನಾನು ಮೊಳಕಾಲ್ಮುರಿನ ಕೇರಿಯವಳು. ಆ ಭಾನುವಾರ ಅವ್ವ ಬರುವವಳಿದ್ದಳು. ಅವಳ ಕೇರಿಯ ಪ್ರಾರ್ಥನಾ ಮನೆಯಲ್ಲಿ ಒಬ್ಬೊಬ್ಬರಿಗೂ ಪುಟ್ಟ ಲೋಟ. ಒಂದೇ ಬಟ್ಟಲಿನ ಭೋಜನ ಅವಳಿಗೆ ಅದೇ ಮೊದಲು.

ವಾರವಿಡೀ ನನಗೆ ಒಂದೇ ಯೋಚನೆ. ಅವ್ವ ಬಾಯಿ ಹಚ್ಚಿದ ಬಟ್ಟಲಿಗೆ ಮಾವ ಬಾಯಿ ಹಚ್ಚುತ್ತಾರೋ ಇಲ್ಲವೋ? ಮಾವ ಕೆಟ್ಟವರಲ್ಲ. ಆದರೆ ಅವ್ವ ಬಂದಾಗೆಲ್ಲ ಊಟದ ಹೊತ್ತಿಗೆ ಸರಿಯಾಗಿ ಅವರಿಗೆ ಮಿಲ್ಲಿನಲ್ಲಿ ಕೆಲಸ ಬೀಳುತ್ತಿತ್ತು. ಎಲ್ಲರೆದುರು ಅವರು ಮುಖ ತಿರುಗಿಸಿದರೆ ನಾನು ಆ ಮನೆಯಲ್ಲಿ ಹೇಗೆ ಬಾಳಲಿ? ಫೋನ್ ಮಾಡಿ, "ಬರಬ್ಯಾಡವ್ವ, ಬಿಸ್ಲು ಜಾಸ್ತಿ ಐತೆ" ಎಂದೆ.

"ಬಿಸ್ಲಿಗೆ ನಾನೇನು ಹೊಸಬಳಾ? ಬರ್ತೀನಿ" ಎಂದಳು.

ಭಾನುವಾರ ಹಿಂದಿನವರು ಎದ್ದರು. ಅವರಲ್ಲಿ ಅವ್ವ ಕೊನೆಯವಳು. ಅವಳ ಬೆನ್ನಿಗೇ ಮಾವ. ನನಗೆ ಮಾವನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ. ಪಾಸ್ಟರ್ ಬಟ್ಟಲು ಚಾಚಿದರು. ಅವ್ವ ಒಮ್ಮೆ ಹಿಂತಿರುಗಿ ಮಾವನನ್ನು ನೋಡಿದಳು. ಆಮೇಲೆ ಸೊಂಟ ಬಗ್ಗಿಸಿ ಬೊಗಸೆ ಒಡ್ಡಿದಳು. ದೊಡ್ಡವರ ಹೊಲದಲ್ಲಿ ದುಡಿಯುತ್ತಿದ್ದಾಗ ಅವಳು ನೀರು ಕುಡಿದದ್ದೇ ಹಾಗೆ. ಅವರು ಮೇಲಿನಿಂದ ಸುರಿಯುತ್ತಿದ್ದರು, ಇವಳು ಬೊಗಸೆಯಲ್ಲಿ ಹಿಡಿಯುತ್ತಿದ್ದಳು.

"ಬಟ್ಲಿಗೆ ಬಾಯಿ ಹಚ್ರಿ ಬೀಗ್ರೇ" ಎಂದರು ಮಾವ. "ಆಮ್ಯಾಲೆ ನಾನು ಕುಡೀಬೇಕು."

"ಬ್ಯಾಡ್ರಿ ಯಜಮಾನ್ರೇ, ನಂಗೆ ಹಿಂಗೇ ಸರಿ" ಎಂದಳು ಅವ್ವ.

ಮಾವ ಇನ್ನೊಮ್ಮೆ ಕೇಳಿಕೊಂಡರು. ಅವ್ವನ ಕೈ ಇಳಿಯಲಿಲ್ಲ. ಕಾದು ಕಾದು ಪಾಸ್ಟರ್ ಕೊನೆಗೆ ಬೊಗಸೆಗೇ ಸುರಿದರು. ವಾರವಿಡೀ ನಾನು ಮಾವನಿಗೆ ಹೆದರಿದ್ದೆ. ಅವ್ವನ ಹೆದರಿಕೆ ನನ್ನ ತಲೆಗೇ ಬಂದಿರಲಿಲ್ಲ.