ಅತ್ತಿಗೆಯ ಕೈಗುಣ ಮತ್ತು ಆ ಜೋಡಿ ಮೀನು

ಅಣ್ಣನ ಮನೆಯ ಆ ಜೋಡಿ ಮೀನನ್ನು ಕೊಂದವನು ನಾನು. ಅತ್ತಿಗೆಯಲ್ಲ. ಇಷ್ಟು ವರ್ಷ ಮನೆಯವರೆಲ್ಲ ಅತ್ತಿಗೆಯ ಕಡೆ ಬೆರಳು ತೋರಿಸಿದರು, ನಾನು ಪಕ್ಕದಲ್ಲೇ ಕುಳಿತು ಚಹಾ ಕುಡಿದೆ.

ಮಾನ್ವಿಯಲ್ಲಿ ನನ್ನದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕ. ಪೋತ್ನಾಳದಿಂದ, ಬಾಗಲವಾಡದಿಂದ ಬರುವ ರೈತರಿಗೆ "ಎಣ್ಣಿ ಮುಟ್ಟಿದ ಮ್ಯಾಲ ಕೈ ಸಾಬೂನು ಹಚ್ಚಿ ತೊಳ್ಕೋರಿ" ಎಂದು ದಿನಾ ಉಪದೇಶ ಮಾಡುವ ದೊಡ್ಡ ಮನುಷ್ಯ ನಾನು.

ಅಣ್ಣ ರಾಯಚೂರಿನಲ್ಲಿ ಕಾಲೇಜು ಮೇಷ್ಟ್ರು. ಅತ್ತಿಗೆ ಗಿರಿಜಾ ದೇವದುರ್ಗದವರು. ಅವರ ಕೈಗುಣ ಒಳ್ಳೆಯದು ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವರು ನೆಟ್ಟ ಕರಿಬೇವು ಬದುಕುತ್ತಿತ್ತು, ಅವರು ಕೊಟ್ಟ ಹೆಪ್ಪಿಗೆ ಮೊಸರು ಗಟ್ಟಿಯಾಗುತ್ತಿತ್ತು. ಕಲ್ಲೂರಿನ ನಮ್ಮ ಹೊಲದಲ್ಲಿ ಬಿತ್ತನೆಗೆ ಮುಂಚೆ ಚೀಲದಿಂದ ಮೊದಲ ಹಿಡಿ ಬೀಜವನ್ನು ಅವ್ವ ಅವರ ಕೈಯಿಂದಲೇ ತೆಗೆಸುತ್ತಿದ್ದಳು. ಅದಕ್ಕಾಗಿ ಅಣ್ಣ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ಬರಬೇಕು, ತಪ್ಪಿಸುವಂತಿಲ್ಲ.

ಅಂಥವರಿಗೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹುಚ್ಚು ಹತ್ತಿತು. ಅದರಲ್ಲೂ ನಾಜೂಕಿನದೇ ಬೇಕು — ರ‍್ಯಾಮ್ ಸಿಕ್ಲಿಡ್. ಹೆಬ್ಬೆರಳಿನಷ್ಟು ಮೀನು, ಮೈತುಂಬ ನೀಲಿ ಚುಕ್ಕಿ, ಕಣ್ಣಿಗೆ ಅಡ್ಡವಾಗಿ ಕಪ್ಪು ಪಟ್ಟಿ. ಅಂಗಡಿಗೆ ಆರಿಸಲು ಹೋದಾಗ ನಾನೂ ಜೊತೆಗಿದ್ದೆ. ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದುದನ್ನು ನಾನು ತೋರಿಸಿದರೆ ಬೇಡವೆಂದರು. ಬಣ್ಣ ಬರಲೆಂದು ಔಷಧ ಕೊಟ್ಟಿರುತ್ತಾರಂತೆ, ಮನೆಗೆ ತಂದ ಮೇಲೆ ಬಿಳಿಚಿಕೊಳ್ಳುತ್ತವಂತೆ. ಬಹಳ ಹೊತ್ತು ನಿಂತು, ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟುತ್ತಿದ್ದ ಎರಡನ್ನು ತೋರಿಸಿದರು.

"ಇವು ತಾವಾಗೇ ಜೋಡಿ ಆಗ್ಯಾವ, ಶರಣು. ಹೆಣ್ಣಿನ ಹೊಟ್ಟಿ ನೋಡು, ಗುಲಾಬಿ ಅದ."

ಮಂದಿಗೆ ಬೇಡವಾದ ನಮ್ಮ ಊರಿನ ಸೆಕೆ ಈ ಮೀನಿಗೆ ಒಗ್ಗುತ್ತದೆ. ಬೋರಿನ ಗಡಸು ನೀರು ಮಾತ್ರ ಒಗ್ಗುವುದಿಲ್ಲ. ಅದಕ್ಕೆ ಅತ್ತಿಗೆ ಫಿಲ್ಟರ್ ನೀರಿನ ಕ್ಯಾನ್ ತರಿಸಿ, ಬೆರೆಸಿ, ಸ್ವಲ್ಪ ಸ್ವಲ್ಪವೇ ಬದಲಿಸುತ್ತಿದ್ದರು. ಕೆಲವು ತಿಂಗಳಲ್ಲಿ ಮೀನು ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಇಟ್ಟವು. ನೋಡಲು ಬಾ ಎಂದು ಅತ್ತಿಗೆ ಫೋನ್ ಮಾಡಿ ಕರೆದರು.

ಅಂದು ರಾಯಚೂರಿನಲ್ಲಿ ಅಂಗಡಿಯ ಮಾಲು ಹೇರಿಸಿ ನೇರ ಅವರ ಮನೆಗೆ ಹೋದೆ. ಪೆಟ್ಟಿಗೆ ಎತ್ತುವಾಗ ಒಂದು ಬಾಟಲಿ ಸೋರಿ ಕೈಗೆ ಎಣ್ಣೆಯಾಗಿತ್ತು, ಪ್ಯಾಂಟಿಗೆ ಒರೆಸಿಕೊಂಡಿದ್ದೆ. ಅತ್ತಿಗೆ ಅಡುಗೆಮನೆಗೆ ಹೋದರು. ಮೊಟ್ಟೆ ಸರಿಯಾಗಿ ಕಾಣಲಿಲ್ಲ — ಕಲ್ಲನ್ನು ಈ ಕಡೆ ಸ್ವಲ್ಪ ತಿರುಗಿಸಿದರೆ — ಮೊಣಕೈತನಕ ಕೈ ಇಳಿಸಿದೆ. ಗಂಡು ಮೀನು ನುಗ್ಗಿ ಬಂದು ಬೆರಳನ್ನು ಕುಟುಕಿತು. ಎಷ್ಟಿದ್ದೀತು ಅದು! ತನ್ನ ಮೊಟ್ಟೆಗಾಗಿ ನನ್ನ ಕೈಗೇ ಎದುರಾಗಿ ನಿಂತಿತ್ತು. ನಾನು ನಕ್ಕೆ.

ಅತ್ತಿಗೆ ಮಂಡಾಳ ಒಗ್ಗರಣೆ, ಅಂದರೆ ಒಗ್ಗರಿಸಿದ ಮಂಡಕ್ಕಿ, ತಂದಿಟ್ಟಾಗ ಕೈ ತೊಳೆಯಲು ಹೋದೆ — ಆಗ ನನ್ನ ಹೊಟ್ಟೆಯ ಪ್ರಶ್ನೆಯಲ್ಲವೇ! ಕೈಗೆ ನೀರು ಬಿದ್ದದ್ದೇ ಎಣ್ಣೆಯ ವಾಸನೆ ಎದ್ದಿತು. ಅಲ್ಲೇ ತಿಳಿಯಿತು. ಆಗಲೇ ಕೂಗಿ ಹೇಳಿದ್ದರೆ ಮೀನನ್ನು ಬೇರೆ ನೀರಿಗಾದರೂ ಹಾಕಬಹುದಿತ್ತೇನೋ. ನಾನು ಬಂದು ಮಂಡಾಳ ತಿಂದೆ. ಸಂಜೆಯೊಳಗೆ ಎರಡೂ ಸುತ್ತಿ ಸುತ್ತಿ ತಳಕ್ಕೆ ಬಿದ್ದವು.

ಬೆಳಿಗ್ಗೆ ನೀರು ಬದಲಿಸಿದ್ದೆಯಾ ಎಂದು ಅಣ್ಣ ಕೇಳಿದ. ಹೌದೆಂದರು ಅತ್ತಿಗೆ. ಆಗ ಅಲ್ಲೇ ಇದ್ದ ಅವ್ವ ಅಂದಳು: "ಮುಟ್ಟಿದಾಕಿ ಅಕಿ ಒಬ್ಬಾಕಿನೇ. ಕೈಗುಣ ಕೆಡ್ತು, ಮತ್ತೇನು."

ನಾನು — ಇಲ್ಲ, ನೆಪ ಹೇಳುವುದಿಲ್ಲ. ಊರಿಗೆಲ್ಲ ಕೈ ತೊಳೆಯಲು ಹೇಳುವವನು ನಗೆಪಾಟಲಾಗುತ್ತಾನೆಂದು ಹೆದರಿದೆ, ಅಷ್ಟೇ.

ಮುಂದಿನ ಬಿತ್ತನೆಗೆ ಅವ್ವ ಮೊದಲ ಹಿಡಿಯನ್ನು ನನ್ನ ಹೆಂಡತಿಯಿಂದ ತೆಗೆಸಿದಳು. ಅತ್ತಿಗೆ ಹಿಂದೆ ನಿಂತು ಸೆರಗು ಸರಿಮಾಡಿಕೊಂಡರು. ಗಾಜಿನ ತೊಟ್ಟಿಯಲ್ಲಿ ಉಳ್ಳಾಗಡ್ಡಿ ತುಂಬಿದರು. ಇದಕ್ಕಿಂತ ಕೆಟ್ಟದ್ದೆಂದರೆ ಅವರೇ ಅದನ್ನು ನಂಬಿಬಿಟ್ಟದ್ದು. ಹೆಪ್ಪು ಕೇಳಲು ಬಂದವರಿಗೂ "ನೀವೇ ತಗೋರಿ" ಎಂದು ಪಾತ್ರೆ ಸರಿಸುತ್ತಿದ್ದರು.

ಈ ವರ್ಷ ನನ್ನ ಮಗಳು ರ‍್ಯಾಮ್ ಸಾಕುತ್ತೇನೆಂದು ಹಟ ಹಿಡಿದಳು, ದೊಡ್ಡವ್ವನೇ ಆರಿಸಿಕೊಡಬೇಕು ಎಂದಳು. ರಾಯಚೂರಿನ ಮೀನಿನ ಅಂಗಡಿಯ ತನಕ ಬಂದ ಅತ್ತಿಗೆ, ತೊಟ್ಟಿಯ ಮುಂದೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನನ್ನ ಕೈ ಬ್ಯಾಡವ್ವಾ. ನೀನೇ ಆರಿಸ್ಕೋ."

ಅಲ್ಲೇ, ಅಂಗಡಿಯವನ ಎದುರಿಗೇ, ನಾನು ಎಲ್ಲ ಹೇಳಿಬಿಟ್ಟೆ. ಸೋರಿದ ಬಾಟಲಿ, ತಿರುಗಿಸಿದ ಕಲ್ಲು, ಕೈ ತೊಳೆದದ್ದು, ತಿಂದ ಮಂಡಾಳ.

ಅತ್ತಿಗೆ ಕೇಳಿದ್ದು ಒಂದೇ.

"ಅಂದ್ರ ನನ್ನ ನೀರು ಸರಿ ಇತ್ತೇನು?"

"ಸರಿ ಇತ್ರಿ ಅತ್ತಿಗಿ. ನಿಮ್ದೆಲ್ಲಾ ಸರಿ ಇತ್ತು."

ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅತ್ತರು, ನಡುವೆಯೇ ನಕ್ಕರು, "ಭಾಡ್ಯಾ" ಎಂದು ಬೈದರು. ಆ ಬೈಗುಳ ಕೇಳಿ ನನ್ನ ಎದೆ ಹಗುರಾಯಿತು — ಅದೂ ಒಂದು ಸ್ವಾರ್ಥವೇ, ಬಲ್ಲೆ. ಕಣ್ಣೊರೆಸಿಕೊಂಡು ಅಂದರು: "ಅವ್ವನ ಮುಂದ ಹೇಳಬೇಕು. ನಾ ಹೇಳಂಗಿಲ್ಲ, ನೀನೇ ಹೇಳು." ಆಮೇಲೆ ಎದ್ದು ಮೀನು ಆರಿಸಿದರು. ಈ ಸಲವೂ ಹೊಳೆಯುವುದನ್ನಲ್ಲ.

ಆ ಸಂಜೆಯೇ ಕಲ್ಲೂರಿಗೆ ಹೋಗಿ ಹೇಳಿದೆ. ಅವ್ವ ನನ್ನ ಮುಖ ನೋಡಲಿಲ್ಲ. "ಬಿತ್ತಿಗೆಗೆ ಅಕಿನ್ನ ಕರಕೊಂಡು ಬಾ" ಎಂದಳು, ಅಷ್ಟೇ.

ಕ್ಷಮಿಸಿದೆ ಎಂದು ಅತ್ತಿಗೆ ಇನ್ನೂ ಅಂದಿಲ್ಲ. ನಾನು ಕೇಳುವುದೂ ಇಲ್ಲ. ಮಗಳ ತೊಟ್ಟಿಯನ್ನು ನಾನು ಕುರ್ಚಿಯಲ್ಲಿ ಕುಳಿತು, ದೂರದಿಂದಲೇ ನೋಡುತ್ತೇನೆ.

ಬಿತ್ತನೆಯ ದಿನ ಅವ್ವ ಚೀಲದ ಬಾಯಿ ಬಿಚ್ಚಿ ಹಿಡಿದಳು. ಅತ್ತಿಗೆ ಒಂದು ಗಳಿಗೆ ತಡೆದರು. ಆಮೇಲೆ ಬಳೆ ಮೇಲಕ್ಕೆ ಸರಿಸಿ, ಮೊಣಕೈತನಕ ಬೀಜದೊಳಗೆ ಕೈ ಇಳಿಸಿದರು. ನಾನು ಬದುವಿನ ಮೇಲೆ, ಕೈ ಕಟ್ಟಿಕೊಂಡು ನಿಂತಿದ್ದೆ.