ರೈಲಿನಿಂದ ಕಂಡ ಇನಿಂಗ್ಸ್

ನಮ್ಮ ನೆರೆಮನೆಯ ಜೆನೆವೀವ್ ಪಾವ್ಲಿಟ್ಸ್ಕಿ ಅವರು ಷಿಕಾಗೋದ ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದುಡಿದವರು. ಪ್ರತಿ ಏಪ್ರಿಲಿನಲ್ಲಿ, ನಮ್ಮ ಬೇಸ್‌ಬಾಲ್ ತಂಡ ಊರಿನಲ್ಲಿ ಆಡುವ ಮೊದಲ ಪಂದ್ಯಕ್ಕೆ ಹಸಿರು ರಟ್ಟಿನ ಪುಸ್ತಕವೊಂದನ್ನು ಹಿಡಿದು ಹೊರಡುತ್ತಿದ್ದರು. ಬ್ಯಾಟು ಹಿಡಿದು ಬಂದ ಪ್ರತಿಯೊಬ್ಬನಿಗೂ ಅದರಲ್ಲಿ ಒಂದು ಚೌಕ. ಅವನಿಗೆ ಏನಾಯಿತೆಂಬುದನ್ನು ಪೆನ್ಸಿಲಿನಿಂದ ಬರೆಯಬೇಕು. ಮೊದಲ ಪುಟಗಳನ್ನು ತುಂಬಿದವರು ಅವರ ಪತಿ ವಾಲ್ಟರ್. ಅವರು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಜೆನೆವೀವ್ ಒಂದು ಚೌಕವನ್ನೂ ಖಾಲಿ ಬಿಟ್ಟಿರಲಿಲ್ಲ.

"ಒಂದು ತಪ್ಪಿದ್ರೂ ಅಲ್ಲಿಗೇ ಪುಸ್ತಕ ಮುಚ್ಚಿಬಿಡ್ತೀನಿ, ಮೇಷ್ಟ್ರೇ" ಎಂದು ನನಗೆ ಹೇಳುತ್ತಿದ್ದರು.

ನಾವು ಯಾವಾಗಲೂ ರೈಲಿನಲ್ಲೇ ಹೋಗುತ್ತಿದ್ದೆವು. ಆ ವರ್ಷ ಅವರ ಮಂಡಿ ಊದಿತ್ತು. ಅಳಿಯ ರಸೆಲ್ ಕಾರು ತಂದ.

"ಮೆಟ್ಟಿಲು ಹತ್ತೋ ಕಷ್ಟ ಯಾಕತ್ತೆ? ಮೈದಾನದ ಬಾಗಿಲಲ್ಲೇ ಇಳಿಸ್ತೀನಿ."

ಮೈದಾನ ಇನ್ನೂ ಮೂರು ಮೈಲಿ ದೂರವಿರುವಾಗಲೇ ಕಾರು ನಿಂತಿತು. ಹಿಂದೆ ಮುಂದೆ ಕಾರುಗಳೇ. ಆಟ ಶುರುವಾಗಲು ಹತ್ತು ನಿಮಿಷವಿತ್ತು. ಜೆನೆವೀವ್ ಕಾರಿನ ಬಾಗಿಲು ತೆಗೆದರು.

"ಅತ್ತೆ! ನಡುರಸ್ತೇಲಿ ಇಳೀತೀರಾ?"

"ನಿಂತಿರೋ ಕಾರಿಂದ ಇಳಿಯೋಕೆ ಭಯವೇನು ಅಳಿಯಂದಿರೇ? ನಿಮ್ಮ ಗಾಲಿಗಿಂತ ನನ್ನ ಮಂಡಿನೇ ವಾಸಿ. ಮೇಷ್ಟ್ರೇ, ಪುಸ್ತಕ ತಗೊಳ್ಳಿ."

ಬೀದಿಯ ಮೂಲೆಯಲ್ಲೇ ನಿಲ್ದಾಣ. ಒಂದೊಂದೇ ಮೆಟ್ಟಿಲು ಹತ್ತಿ ನಾವು ರೈಲು ಸೇರುವಷ್ಟರಲ್ಲಿ ಆಟ ಶುರುವಾಗುವ ಹೊತ್ತಾಗಿತ್ತು. ಜೆನೆವೀವ್ ಖಾಲಿ ಚೌಕವನ್ನೇ ನೋಡುತ್ತ ಕುಳಿತರು. ಎದುರಿಗೆ ದಾದಿಯ ಉಡುಪಿನ ಹೆಂಗಸೊಬ್ಬಳು ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡಿದ್ದಳು. ಅವಳಿಗೆ ಪುಸ್ತಕ ಕಂಡಿತು.

"ಬರ್ಕೊಳ್ಳಿ ಅಜ್ಜಿ. ನೆಲ ಸವರ್ಕೊಂಡು ಹೋದ ಚೆಂಡು. ಆರನೇ ನಂಬರಿನವನು ಹಿಡಿದ, ಮೂರನೇ ನಂಬರಿನವನಿಗೆ ಎಸೆದ. ಔಟು!"

ಪುಸ್ತಕದಲ್ಲಿ ಆಟಗಾರರಿಗೆ ಅವರು ನಿಲ್ಲುವ ಜಾಗದ ಅಂಕಿಯೇ ಹೆಸರು. ಪೆನ್ಸಿಲು ಆರು, ಮೂರು ಎಂದು ಬರೆಯಿತು.

"ನಂಬಬೇಡಿ ಅಜ್ಜಿ, ಇವಳು ಊರಿನ ದಕ್ಷಿಣ ಭಾಗದವಳು, ಅಲ್ಲಿನ ಇನ್ನೊಂದು ತಂಡದ ಕಡೆಯವಳು!" ಎಂದ ನಿಂತಿದ್ದ ದಪ್ಪನೆಯವನು.

"ತಂಡ ಯಾವ್ದಾದ್ರೇನ್ರೀ? ಔಟು ಔಟೇ!" ಎಂದಳು ದಾದಿ.

ಇಡೀ ಬೋಗಿಯೇ ನಕ್ಕಿತು. ರೈಲು ಕಂಬಗಳ ಮೇಲೆ, ಮನೆಗಳ ಮಾಳಿಗೆಯ ಎತ್ತರದಲ್ಲಿ, ನಿಂತು ನಿಂತು ತೇಲುತ್ತಿತ್ತು. ಹಿಂಬದಿಯ ಜಗಲಿಗಳಲ್ಲಿ ಒಣಗಲು ಹಾಕಿದ ಬಿಳಿ ಹಾಸುಗಳು ಉಬ್ಬುತ್ತಿದ್ದವು. ದಾದಿ ಹೇಳಿದಂತೆಲ್ಲ ಜೆನೆವೀವ್ ಕಣ್ಣು ಅರೆಮುಚ್ಚಿ ಬರೆಯುತ್ತಿದ್ದರು. ಮಾಳಿಗೆಗಳಾಚೆ ಎಲ್ಲೋ ಹಸಿರು ಬಯಲು, ಅದರ ಮೇಲೆ ಬಿಸಿಲಿನಲ್ಲಿ ಏರುವ ಒಂದು ಚೆಂಡು. ನನಗೂ ಅದು ಕಂಡಂತಾಯಿತು. ಆಗ ಯಾರಿಗೂ ಇಳಿಯುವ ಅವಸರವಿರಲಿಲ್ಲ.

ಇಳಿದ ಮೇಲೂ ದಾದಿ ಮೈದಾನದ ಬಾಗಿಲವರೆಗೆ ಹೇಳುತ್ತಲೇ ಬಂದಳು. ನಾವು ಆಸನ ಸೇರಿದಾಗ ಆಟದ ಒಂಬತ್ತು ಇನಿಂಗ್ಸ್‌ಗಳಲ್ಲಿ ಎರಡನೆಯದು ಆರಂಭವಾಗುತ್ತಿತ್ತು. ಒಂದು ಚೌಕವೂ ಖಾಲಿ ಉಳಿದಿರಲಿಲ್ಲ.

ನಾಲ್ಕನೆಯ ಇನಿಂಗ್ಸ್‌ನಲ್ಲಿ ರಸೆಲ್, ಕಾರನ್ನು ದೂರದಲ್ಲೆಲ್ಲೋ ನಿಲ್ಲಿಸಿ, ಬೆವರೊರೆಸುತ್ತ ಬಂದ. "ಏನೇನಾಯ್ತು ಅತ್ತೆ?"

ಅವರು ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟರು. ಮೊದಲ ಸಾಲಿನ ಅಂಚಿನಲ್ಲಿ ಸಣ್ಣಕ್ಷರಗಳಲ್ಲಿ, "ರೈಲಿನಿಂದ ಕಂಡದ್ದು" ಎಂದಿತ್ತು. ಅವನು ಬೆರಳಿಟ್ಟು ಕೊನೆಯವರೆಗೂ ಓದಿದ.

ಸಂಜೆ ನಮ್ಮೊಂದಿಗೆ ರೈಲು ಹತ್ತಿದ. ಕಾರನ್ನು ಮರುದಿನ ಹೋಗಿ ತಂದ.